ಕೊನೆಯ ಹದಿಮೂರು ನಿಮಿಷ

"ಒಂಬತ್ತು ಗಂಟೆ ಐದು ನಿಮಿಷ ಅನ್ನೋರು ನೀವೇನಾ?"

ಕೇಳಿದವನು ಬಾಗಿಲಲ್ಲಿ ನಿಂತಿದ್ದ. ಆಗಷ್ಟೇ ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ನಾಲ್ಕು ಪಟ್ಟಿ, ಎರಡೂ ಕೈಯಲ್ಲಿ ಒಂದೊಂದು ಕಾಗದದ ಲೋಟ ಚಹಾ. ಸಾಲದ್ದಕ್ಕೆ ಮುಖದ ತುಂಬ ನಗು!

ಅವಳು ಪರದೆಯಿಂದ ಕಣ್ಣೆತ್ತಿದಳು. ಎಂಟು ತಿಂಗಳಿಂದ ಮುಖ ನೋಡದೆಯೇ ಬೈದುಕೊಂಡು ಬಂದಿದ್ದ ಮನುಷ್ಯ ಇವನೇ ಎಂದು ಗೊತ್ತಾಗಲು ಅರೆಗಳಿಗೆಯೂ ಬೇಕಾಗಲಿಲ್ಲ.

"ಹಾಗಾದ್ರೆ ಇನ್ನೊಂದಿಷ್ಟು ಅನ್ನೋರು ನೀವೇ!"

ಕೋಣೆಯ ಆರೂ ಮೇಜುಗಳಲ್ಲಿ ಕಿಸಕ್ಕೆಂದು ನಗು ಎದ್ದಿತು.

ಈ ಕೋಣೆಯ ಸಂಗತಿ ಸ್ವಲ್ಪ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಇವರ ಜಗಳ ನಿಮಗೆ ಹುಚ್ಚರ ಜಗಳದ ಹಾಗೆ ಕಂಡೀತು.

ಇದು ಒಂದು ವಿಮಾನ ಸಂಸ್ಥೆಯ ದಾರಿ ಬರೆಯುವ ಕೋಣೆ. ವಿಮಾನ ನಿಲ್ದಾಣದಿಂದ ಒಂದು ಗಂಟೆ ದೂರ, ಊರ ನಡುವಿನ ಕಟ್ಟಡದ ಎರಡನೇ ಮಹಡಿ. ಯಾವ ವಿಮಾನ ಯಾವ ಕಡೆಯಿಂದ ಹೋಗಬೇಕು, ಎಷ್ಟು ಎತ್ತರ, ಎಷ್ಟು ಹೊತ್ತು, ಎಷ್ಟು ಇಂಧನ... ಎಲ್ಲವನ್ನೂ ಇಲ್ಲಿ ಕೂತವರು ಬರೆದು ಪರದೆಯ ಮೇಲೇ ಪೆನ್ನಿನಿಂದ ಸಹಿ ಹಾಕುತ್ತಾರೆ. ಆ ಹಾಳೆ ವಿಮಾನ ನಿಲ್ದಾಣದಲ್ಲಿ ಅಚ್ಚಾಗುತ್ತದೆ. ಕ್ಯಾಪ್ಟನ್ ಅದಕ್ಕೆ ತನ್ನ ಸಹಿಯನ್ನೂ ಹಾಕಿ ಹಾರುತ್ತಾನೆ.

ಎಂಟು ತಿಂಗಳ ಹಿಂದೆ ಅವಳು ಸಮುದ್ರದಾಚೆಯ ಒಂದು ದೂರದ ಊರಿಗೆ ಹೊಸ ದಾರಿಯೊಂದನ್ನು ಬರೆದಿದ್ದಳು. ಏಳು ಸಾವಿರದ ನೂರ ನಲವತ್ತು ಕಿಲೋಮೀಟರ್. ಹಳೆಯ ದಾರಿಯಲ್ಲಿ ಒಂಬತ್ತು ಗಂಟೆ ಮೂವತ್ತೈದು ನಿಮಿಷ ಹಿಡಿಯುತ್ತಿತ್ತು. ಇವಳ ದಾರಿಯಲ್ಲಿ ಒಂಬತ್ತು ಗಂಟೆ ಐದು ನಿಮಿಷ. ಅರ್ಧ ಗಂಟೆ ಉಳಿತಾಯವೆಂದರೆ ಹುಡುಗಾಟವಲ್ಲ!

ಅವಳು ಮೊದಲು ಈ ಕೋಣೆಯ ಮೂಲೆಯಲ್ಲಿ ಹವಾಮಾನದ ನಕ್ಷೆಗಳನ್ನು ಜೋಡಿಸಿಡುತ್ತಿದ್ದವಳು. ರಾತ್ರಿ ತರಗತಿಗೆ ಹೋಗಿ, ಪರೀಕ್ಷೆ ಕಟ್ಟಿ ಈ ಕುರ್ಚಿಗೆ ಬಂದವಳು. ಮೇಲಿನವರು ಮಾತು ಕೊಟ್ಟಿದ್ದರು: ಒಬ್ಬ ಅನುಭವಿ ಕ್ಯಾಪ್ಟನ್ ವಾರಕ್ಕೊಮ್ಮೆ ಈ ದಾರಿಯಲ್ಲಿ ಹಾರುತ್ತಾನೆ. ಸಮಯ ಸರಿಹೋದರೆ ದಾರಿಯೂ ಅವಳದು, ಕುರ್ಚಿಯೂ ಅವಳದು. ಇಲ್ಲವೆಂದರೆ ಮತ್ತೆ ನಕ್ಷೆ ಜೋಡಿಸುವ ಮೂಲೆ.

ಮೂವತ್ನಾಲ್ಕು ಗುರುವಾರ ಅವನು ಹಾರಿದ. ಮೂವತ್ನಾಲ್ಕು ಸಲವೂ ಒಂಬತ್ತು ಗಂಟೆ ಹದಿನೆಂಟು ನಿಮಿಷಕ್ಕೇ ಇಳಿದ! ಪ್ರತಿ ಸಲವೂ ಹೊರಡುವ ಮುಂಚೆ ಹಾಳೆಯ ಕೊನೆಯಲ್ಲಿ ಒಂದೇ ಸಾಲು: ಇನ್ನೊಂದಿಷ್ಟು ಇಂಧನ, ಒಂದೂವರೆ ಟನ್. ಯಾಕೆ, ಏನು, ಒಂದಕ್ಷರವಿಲ್ಲ. ಕ್ಯಾಪ್ಟನ್ ಕೇಳಿದರೆ ಕೊಡಲೇಬೇಕು, ಅದು ನಿಯಮ. ಆದರೆ ಹಾಗೆ ಕೇಳುವುದೆಂದರೆ ದಾರಿ ಬರೆದವಳ ಲೆಕ್ಕದ ಮೇಲೆ ನಂಬಿಕೆಯಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಕೋಣೆಯವರು ಅವನಿಗೆ "ಇನ್ನೊಂದಿಷ್ಟು" ಎಂದೇ ಹೆಸರಿಟ್ಟಿದ್ದರು.

ಈಗ ಆ ಇನ್ನೊಂದಿಷ್ಟು ಎದುರಿಗೆ ನಿಂತು ಚಹಾದ ಲೋಟ ಚಾಚುತ್ತಿದ್ದ.

"ತಗೊಳ್ಳಿ. ಸಕ್ಕರೆ ಕಮ್ಮಿ ಹಾಕಿಸಿದ್ದೀನಿ, ನಿಮಗೆ ಹೇಗೆ ಬೇಕೋ ಗೊತ್ತಿರಲಿಲ್ಲ..."

"ಚಹಾ ಕುಡಿಯೋಕೆ ಬಂದ್ರಾ?" ಅವಳು ಎದ್ದು ನಿಂತಳು. "ಮೂವತ್ನಾಲ್ಕು ಸಲ ನನ್ನ ಲೆಕ್ಕಕ್ಕೆ ಮಸಿ ಬಳಿದು, ಈಗ ಚಹಾ!"

ಅವನ ನಗು ಅರ್ಧಕ್ಕೆ ನಿಂತಿತು. "ಮಸಿ ಬಳಿಯೋದಾ? ಕಾರಣ ಎಲ್ಲ ಬರೆದಿದ್ದೀನಲ್ಲ ಮೇಡಂ. ಓದಿಲ್ವಾ ನೀವು?"

"ಓದದೆ ಏನು? ನೀವು ಬರೆದಿದ್ದನ್ನೆಲ್ಲ ಓದಿದ್ದೀನಿ. ಒಂದೊಂದೂ!"

"ಒಂದೊಂದೂ?" ಅವನ ದನಿ ಇಳಿಯಿತು. "ಆಮೇಲಾಮೇಲೆ ಬರೆದಿದ್ದೂ...?"

"ಮೊದಲಿಂದ ಕೊನೇವರೆಗೂ! ನಾನೊಬ್ಬಳೇ ಅಲ್ಲ, ಇಡೀ ಕೋಣೆ ಓದಿ ಬಿದ್ದು ಬಿದ್ದು ನಕ್ಕಿದೆ. ಬೇಕಾದ್ರೆ ಕೇಳಿ ಇವರನ್ನ!"

ಅವನ ಕಿವಿ ಕೆಂಪಾಯಿತು. ಆಮೇಲೆ ಮುಖ ಬಾಡಿಹೋಯಿತು.

'ಯಾಕೆ ಹೀಗಾಯ್ತು ಇವನ ಮುಖ? ನಿಜ ಹೇಳಿದ್ರೆ ಇಷ್ಟು ಚುಚ್ಚುತ್ತಾ?' ಅವಳಿಗೆ ಅರೆಕ್ಷಣ ಏನೋ ತಪ್ಪಿದಂತೆನಿಸಿತು. ಆದರೆ ಕೋಪ ನೆತ್ತಿಗೇರಿದ್ದವಳಿಗೆ ಅದನ್ನು ಯೋಚಿಸುವ ವ್ಯವಧಾನವೆಲ್ಲಿ?

"ಸಂತೋಷ." ಅವನು ಎರಡೂ ಲೋಟಗಳನ್ನು ಅವಳ ಮೇಜಿನ ಮೇಲಿಟ್ಟ. "ನಗಿಸಿದ ಪುಣ್ಯ ಆದ್ರೂ ಬಂತು. ಒಂದು ಮಾತು ಕೇಳ್ತೀನಿ. ನೀವು ಯಾವತ್ತಾದ್ರೂ ವಿಮಾನ ಹತ್ತಿದ್ದೀರಾ?"

ಅದೊಂದನ್ನು ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

ಅವಳು ಹತ್ತಿರಲಿಲ್ಲ. ಕಪಾಟಿನ ಮೇಲಿನ ಫೈಲು ತೆಗೆಯಲು ಸ್ಟೂಲು ಹತ್ತಬೇಕೆಂದರೂ ಪಕ್ಕದ ಮೇಜಿನವರನ್ನು ಕರೆಯುತ್ತಿದ್ದಳು. ಜಗತ್ತಿಗೆಲ್ಲ ಆಕಾಶದಲ್ಲಿ ದಾರಿ ಬರೆದುಕೊಡುವವಳು ನೆಲ ಬಿಟ್ಟು ಮೇಲೇರಿದವಳಲ್ಲ.

"ಹತ್ತಿಲ್ಲ ಅಲ್ವಾ? ಗೊತ್ತಾಗುತ್ತೆ. ಎರಡನೇ ಮಹಡೀಲಿ ಕೂತು ಗೆರೆ ಎಳೆಯೋರಿಗೆ ಆ ಕೊನೇ ಹದಿಮೂರು ನಿಮಿಷ ಕಾಣಲ್ಲ. ಮುನ್ನೂರು ಜನರನ್ನ ಕೂರಿಸ್ಕೊಂಡು ಹೋಗೋನಿಗೆ ಕಾಣುತ್ತೆ."

"ಹೋಗಿ ಆಚೆ!"

"ಹೋಗ್ತಾನೇ ಇದ್ದೀನಿ."

ಬಾಗಿಲು ದಢಾರನೆ ಮುಚ್ಚಿತು. ಮೇಜಿನ ಮೇಲೆ ಎರಡು ಲೋಟ ಚಹಾ ಹಬೆಯಾಡುತ್ತ ಉಳಿಯಿತು. ಅವಳು ಎರಡನ್ನೂ ಎತ್ತಿಕೊಂಡು ಹೋಗಿ ಬೇಸಿನ್ನಿಗೆ ಸುರಿದಳು.

'ದುರಹಂಕಾರಿ! ತಾನು ನಿಧಾನ ಹೊಡ್ಕೊಂಡು ಹೋಗಿ ನನಗೇ ಪಾಠ ಹೇಳ್ತಾನೆ!'

ಮರುದಿನವೇ ಬಾಂಬ್ ಬಿತ್ತು. ಮುಖ್ಯಸ್ಥರು ಅವಳನ್ನು ಒಳಗೆ ಕರೆದು ಒಂದು ಪತ್ರವನ್ನು ಮುಂದೆ ತಳ್ಳಿದರು. ಈ ದಾರಿಯ ಸಮಯ ತಪ್ಪಾಗಿದೆ, ಸರಿಪಡಿಸುವವರೆಗೆ ನಿಲ್ಲಿಸಿ ಎಂದು ಕ್ಯಾಪ್ಟನ್ ಬರೆದುಕೊಟ್ಟಿದ್ದ.

"ಈ ವಾರ ನಿನ್ನ ದಾರಿ ಇಲ್ಲ, ಕ್ಯಾಪ್ಟನ್ನೂ ರಜೆ. ಮುಂದಿನ ಬುಧವಾರ ಸಭೆ ಇದೆಯಮ್ಮ," ಎಂದರು ಅವರು. "ಅವತ್ತು ನೀನು ಗೆಲ್ಲಲಿಲ್ಲ ಅಂದ್ರೆ ನನ್ನ ಕೈಲೂ ಏನೂ ಆಗಲ್ಲ. ನಕ್ಷೆ ಟೇಬಲ್ಲಿಗೇ ವಾಪಸ್."

"ನನ್ನ ಮೇಲೆ ಹಗೆ ಸಾಧಿಸ್ತಿದ್ದಾರೆ ಸರ್ ಅವರು!"

"ಹಗೆ ಸಾಧಿಸೋರು ಊರು ಬಿಟ್ಟು ಹೋಗ್ತಾರೇನಮ್ಮ? ನಿನ್ನೆ ಸಂಜೆ ಆ ದೂರದ ಊರಿಗೇ ವರ್ಗ ಕೇಳಿದ್ದಾರೆ. ಅಲ್ಲಿ ಜಾಗ ಖಾಲಿ ಇತ್ತು, ಇವತ್ತೇ ಮಂಜೂರೂ ಆಯ್ತು. ಸಭೆಯ ಮಾರನೇ ದಿನ, ಗುರುವಾರದ್ದೇ ಅವರ ಕೊನೇ ಹಾರಾಟ. ಆಮೇಲೆ ಅಲ್ಲೇ ಇರ್ತಾರೆ."

'ಪೀಡೆ ತೊಲಗ್ತು' ಎಂದುಕೊಂಡಳು. ಎಂದುಕೊಂಡಳು, ಆದರೆ ಎದೆಯೊಳಗೆ ಏನೋ ಚುಳ್ ಎಂದಿತು.

ಸುಳ್ಳೇಕೆ ಹೇಳಲಿ? ಪ್ರತಿ ಗುರುವಾರ ಒಂಬತ್ತು ಗಂಟೆ ಹೊತ್ತು ಅವಳು ಪರದೆಯ ಮೇಲಿನ ಅವನ ವಿಮಾನದ ಚುಕ್ಕಿಯನ್ನು ನೋಡುತ್ತಲೇ ಇರುತ್ತಿದ್ದಳು. ಬೈಯುತ್ತಲೇ ನೋಡುತ್ತಿದ್ದಳು. ಒಮ್ಮೆ ನಡುಸಮುದ್ರದಲ್ಲಿ ಆ ಚುಕ್ಕಿ ಏಳು ನಿಮಿಷ ಮಾಯವಾಗಿತ್ತು. ಯಂತ್ರದ ದೋಷ, ಅಷ್ಟೇ. ಆ ಏಳು ನಿಮಿಷ ಅವಳು ಉಸಿರಾಡಿದ್ದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಚುಕ್ಕಿ ಮತ್ತೆ ಕಂಡಾಗ "ಬಂದ ನೋಡು ಶನಿ!" ಎಂದು ಕಣ್ಣೊರೆಸಿಕೊಂಡಿದ್ದಳು.

ಮನೆಯಲ್ಲಿ ಅಪ್ಪನೊಬ್ಬನೇ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಊಟಕ್ಕೆ ಕೂತಾಗ ಅವಳು ತಟ್ಟೆಯ ಮೇಲೇ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು.

"ಆ ಚಮಚ ಏನು ಪಾಪ ಮಾಡ್ತು ಪುಟ್ಟಿ? ಬೈಯೋದಿದ್ರೆ ಬಾಯಿಬಿಟ್ಟು ಬೈಯಿ."

ಅವಳು ಬಾಯಿಬಿಟ್ಟು ಬೈದಳು. ಚಹಾದಿಂದ ಶುರುಮಾಡಿ ವರ್ಗದವರೆಗೆ ಒಂದೂ ಬಿಡದೆ ಹೇಳಿದಳು. ಅಪ್ಪ ಊಟ ಮಾಡುತ್ತಲೇ ಕೇಳಿದ.

"ಕಾರಣ ಬರೆದಿದ್ದೀನಿ ಅಂದ್ನಾ?"

"ಅಂದ. ಸುಳ್ಳ! ಒಂದೂವರೆ ಟನ್ ಅನ್ನೋದು ಬಿಟ್ರೆ ಏನೂ ಇಲ್ಲ ಅದರಲ್ಲಿ."

"ಹಿಂದೆ ನೋಡಿದ್ಯಾ?"

"ಯಾವುದರ ಹಿಂದೆ?"

"ಹಾಳೆ ಹಿಂದೆ ಕಣೇ! ನಾವೆಲ್ಲ ಟ್ರಿಪ್ ಶೀಟಿನ ಹಿಂದೇನೇ ಬರೀತಿದ್ದಿದ್ದು. ಮುಂದೆ ಜಾಗ ಎಲ್ಲಿರ್ತಿತ್ತು? ಸೇತುವೆ ಹತ್ರ ಗುಂಡಿ, ಬ್ರೇಕು ಹಿಡೀತಿಲ್ಲ, ಡಿಪೋ ಮ್ಯಾನೇಜರ್‌ಗೆ ತಲೆ ಇಲ್ಲ... ಎಲ್ಲ ಹಿಂದೆ. ಗಾಡಿ ಓಡಿಸೋರು ಹಾಗೇನೇ. ಬಸ್ಸಾದ್ರೇನು, ವಿಮಾನ ಆದ್ರೇನು?"

ಚಮಚ ಅವಳ ಕೈಯಲ್ಲೇ ನಿಂತಿತು.

ಹಾಳೆಯನ್ನು ಅವಳು ಕೈಯಲ್ಲಿ ಹಿಡಿದೇ ಇರಲಿಲ್ಲ. ಅವಳಿಗೆ ಬರುತ್ತಿದ್ದುದು ಪರದೆಯ ಮೇಲಿನ ಚಿತ್ರ. ಚಿತ್ರಕ್ಕೆ ಹಿಂಬದಿ ಎಲ್ಲಿರುತ್ತದೆ?

"ಒಂದೊಂದೂ ಓದಿದ್ದೀನಿ..." ತನ್ನದೇ ಮಾತು ಕಿವಿಯಲ್ಲಿ ಮೊಳಗಿತು. 'ಅಯ್ಯೋ ದೇವರೇ... ಏನು ಓದಿದ್ದೀನಿ ಅಂತ ಅಂದ್ಕೊಂಡ ಅವನು?'

ಬೆಳಗಾಗುತ್ತಲೇ ವಿಮಾನ ನಿಲ್ದಾಣಕ್ಕೆ ಓಡಿದಳು. ದಾಖಲೆ ಕೋಣೆಯ ಅಕ್ಕ ಬೀಗದ ಕೈ ಗೊಂಚಲು ಅಲ್ಲಾಡಿಸುತ್ತ ರಟ್ಟಿನ ಪೆಟ್ಟಿಗೆಯೊಂದನ್ನು ಇಳಿಸಿಕೊಟ್ಟಳು.

"ಒಂದು ವರ್ಷ ಇಡಬೇಕು ತಾಯಿ, ಅದಕ್ಕೆ ಉಳಿದಿದೆ."

"ಅಕ್ಕಾ, ಸ್ಕ್ಯಾನ್ ಮಾಡುವಾಗ ಹಿಂದಿನ ಪುಟ...?"

"ಮುಂದಿನ ಪುಟ ಮಾತ್ರ ಅಂತ ಆರ್ಡರ್ ಇದೆ. ಹಿಂದೆ ಏನಿದ್ರೆ ಯಾರಿಗೆ ಬೇಕು?"

ಅವಳು ಮೊದಲ ಹಾಳೆಯನ್ನು ತಿರುಗಿಸಿದಳು.

ಇಡೀ ಪುಟ ಬರೆದಿತ್ತು! ಓರೆಯಾದ, ಚಿಕ್ಕ ಚಿಕ್ಕ ಅಕ್ಷರ.

"ದಾರಿ ತುಂಬಾ ಚೆನ್ನಾಗಿದೆ. ಕೊನೇ ಭಾಗ ಮಾತ್ರ ಸರಿ ಇಲ್ಲ. ನಾವು ಆ ಊರು ಮುಟ್ಟೋದು ಅಲ್ಲಿನ ಮಧ್ಯಾಹ್ನ ಒಂದಕ್ಕೆ. ಆ ಹೊತ್ತಿಗೆ ಸಮುದ್ರದ ಗಾಳಿ ಎದ್ದಿರುತ್ತೆ. ಗಾಳಿಗೆ ಎದುರಾಗಿ ಇಳೀಬೇಕು, ಅದಕ್ಕೆ ಊರನ್ನೆಲ್ಲ ಸುತ್ತಿ ನೆಲದ ಕಡೆಯಿಂದ ಬರಬೇಕು. ಸುತ್ತೋಕೆ ಹದಿಮೂರು ನಿಮಿಷ, ಒಂದೂವರೆ ಟನ್. ದಯವಿಟ್ಟು ಸೇರಿಸಿ."

ಅವಳು ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತಳು.

ಅವಳು ಇಡೀ ದಿನದ ಗಾಳಿಯ ಸರಾಸರಿ ಹಾಕಿದ್ದಳು. ಆ ಊರಲ್ಲಿ ಬೆಳಗಿನ ಗಾಳಿ ಒಂದು ಕಡೆ ಬೀಸಿದರೆ ಮಧ್ಯಾಹ್ನದ್ದು ಅದರ ವಿರುದ್ಧ. ಎರಡನ್ನೂ ಕೂಡಿಸಿ ಭಾಗಿಸಿದರೆ ಗಾಳಿಯೇ ಇಲ್ಲ! ಎಷ್ಟು ಚಿಕ್ಕ ತಪ್ಪು. ಎಂಟು ತಿಂಗಳು ಅವನು ಅದನ್ನೇ ಹೇಳುತ್ತಿದ್ದ.

ಎರಡನೇ ಹಾಳೆ: "ಮತ್ತೆ ಅದೇ. ದಯವಿಟ್ಟು ಓದಿ."

ಐದನೆಯದು: "ಓದಿಯೂ ಬದಲಾಯಿಸ್ತಿಲ್ಲ ಅಂದ್ರೆ ಇದು ಬರೀ ಹಟ. ಇಷ್ಟು ಹಟ ಒಳ್ಳೇದಲ್ಲ ಮೇಡಂ."

ಒಂಬತ್ತನೆಯದು: "ಇವತ್ತೂ ನಿಮ್ಮನ್ನ ಬೈಕೊಂಡೇ ಹೊರಟೆ. ಆದರೆ ಗುಡುಗು ಮೋಡಗಳ ಮಧ್ಯೆ ನೀವು ಒಂದು ಸಂದಿ ಹುಡುಕಿ ಕೊಟ್ಟಿದ್ರಲ್ಲ... ಲೋಟದ ನೀರು ಅಲುಗಲಿಲ್ಲ. ಇಳಿಯುವಾಗ ಒಬ್ಬರು ಅಜ್ಜಿ 'ಬಸ್ಸಿಗಿಂತ ಹಾಯಾಗಿತ್ತು ಕಣಪ್ಪ' ಅಂದ್ರು. ಆ ಮಾತು ನಿಮ್ಮದು. ತಲುಪಿಸಿದ್ದೀನಿ."

ಹದಿನೇಳನೆಯದು: "ಸಹಿ ಕೆಳಗೆ ಗೆರೆಯನ್ನ ಯಾಕೆ ಅಷ್ಟು ಒತ್ತಿ ಎಳೀತೀರಿ? ನನ್ನ ಮೇಲಿನ ಕೋಪಕ್ಕಾ? ಇರಲಿ, ಎಳೀರಿ. ಹಾಳೆ ಬಂದ ತಕ್ಷಣ ನಾನು ಮೊದಲು ನೋಡೋದು ಅದನ್ನೇ."

ಅಕ್ಷರಗಳು ಮಂಜಾದವು. ಅವಳು ಕಣ್ಣೊರೆಸಿಕೊಂಡು ಮುಂದೆ ಓದಿದಳು.

ಇಪ್ಪತ್ತಾರನೆಯದು: "ಒಂಬತ್ತು ಗಂಟೆ ನೀವು ಹೇಳಿದ ಕಡೆ ತಿರುಗ್ತೀನಿ, ನೀವು ಹೇಳಿದಷ್ಟೇ ಏರ್ತೀನಿ. ಅಮ್ಮನ ಮಾತನ್ನೂ ಇಷ್ಟು ಕೇಳಿದವನಲ್ಲ ನಾನು. ಮುಖ ನೋಡದೆ ಒಬ್ಬರು ಇಷ್ಟು ಹತ್ತಿರ ಆಗ್ತಾರಾ?"

ಮೂವತ್ಮೂರನೆಯದು: "ಪೈಲಟ್‌ಗಳು ಆ ಕೋಣೆಗೆ ಹೋಗೋ ಹಾಗಿಲ್ವಂತೆ. ಆದರೂ ಮುಂದಿನ ಹಾರಾಟ ಮುಗಿದ ಮೇಲಿನ ಸೋಮವಾರ ಬರ್ತೀನಿ, ಎರಡು ಚಹಾ ತಗೊಂಡು. ಬೇಡ ಅನ್ನಿಸಿದ್ರೆ ಮುಂದಿನ ಹಾಳೇಲಿ ಸಹಿ ಕೆಳಗೆ ಗೆರೆ ಎಳೀಬೇಡಿ. ನನಗೆ ಅರ್ಥ ಆಗುತ್ತೆ."

ಕೊನೆಯ ಹಾಳೆಯ ಮುಂಬದಿಯಲ್ಲಿ ಅವಳ ಸಹಿ. ಅದರ ಕೆಳಗೆ ಎಂದಿನಂತೆ ಒತ್ತಿ ಎಳೆದ ಗೆರೆ. ಹಿಂದೆ ಒಂದೇ ಸಾಲು:

"ಗೆರೆ ಇದೆ! ಇವತ್ತು ಈ ಒಂಬತ್ತು ಗಂಟೆ ಹದಿನೆಂಟು ನಿಮಿಷ ಹೇಗೆ ಕಳೀಲಿ?"

"ಬಿದ್ದು ಬಿದ್ದು ನಕ್ಕಿದೆ ಇಡೀ ಕೋಣೆ..." ಅಂದಿದ್ದಳಲ್ಲ! ಅವಳು ಹಾಳೆಗಳನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ಏನಾಯ್ತು ತಾಯಿ? ಯಾರಾದ್ರೂ ಹೋಗಿಬಿಟ್ರಾ?" ಅಕ್ಕ ಗಾಬರಿಯಾದಳು.

"ಮುಂದಿನ ಗುರುವಾರ ಹೋಗ್ತಾರಕ್ಕಾ."

ಬುಧವಾರದ ಸಭೆ. ಉದ್ದನೆಯ ಮೇಜು, ಆ ಕಡೆ ಅವನು, ಈ ಕಡೆ ಅವಳು. ಅವನು ಗೋಡೆ ನೋಡುತ್ತಿದ್ದ. ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡು, "ನಿನ್ನ ವಾದ ಏನಮ್ಮ?" ಎಂದರು.

ವಾದ ಮಾಡಬಹುದಿತ್ತು. ಸರಾಸರಿ ಲೆಕ್ಕ ನಿಯಮದಲ್ಲೇ ಇತ್ತು, ಅದನ್ನೇ ಹಿಡಿದುಕೊಂಡು ಕೂರಬಹುದಿತ್ತು. ಸೋತರೆ ನಕ್ಷೆಯ ಮೂಲೆ ಕಾಯುತ್ತಿತ್ತು.

"ವಾದ ಇಲ್ಲ ಸರ್. ತಪ್ಪು ನನ್ನದು. ಆ ಊರಿನ ಮಧ್ಯಾಹ್ನದ ಗಾಳಿ ನಾನು ನೋಡಲಿಲ್ಲ. ಕ್ಯಾಪ್ಟನ್ ಮೊದಲನೇ ದಿನವೇ ಅದನ್ನ ಹಾಳೆಯ ಹಿಂದೆ ಬರೆದಿದ್ರು. ನಮ್ಮಲ್ಲಿ ಹಿಂದಿನ ಪುಟ ಸ್ಕ್ಯಾನ್ ಆಗಲ್ಲ. ನಾನು ಅವನ್ನ ಓದಿದ್ದು ಹೋದ ಬುಧವಾರ. ನಿಜವಾದ ಸಮಯ ಒಂಬತ್ತು ಗಂಟೆ ಹದಿನೆಂಟು ನಿಮಿಷ. ಆದ್ರೂ ಹಳೇ ದಾರಿಗಿಂತ ಹದಿನೇಳು ನಿಮಿಷ ಕಮ್ಮಿ."

ಅವನು ಸರಕ್ಕನೆ ತಿರುಗಿ ನೋಡಿದ. ಎಂಟು ತಿಂಗಳಲ್ಲಿ ಮೊದಲ ಸಲ ಅವಳು ತಲೆ ತಗ್ಗಿಸಿದ್ದಳು.

"ಕ್ಯಾಪ್ಟನ್, ನೀವೇನಂತೀರಿ?"

"ದಾರಿ ಇರಲಿ," ಎಂದ ಅವನು, ಅಷ್ಟೇ. "ಇದಕ್ಕಿಂತ ಒಳ್ಳೇ ದಾರಿ ಬರೆಯೋರು ನಿಮಗೆ ಸಿಗಲ್ಲ." ಕುರ್ಚಿ ಸರಿಸಿ ಹೊರಟೇಬಿಟ್ಟ.

ಅವಳು ಕಾರಿಡಾರಿನಲ್ಲಿ ಓಡಿದಳು. "ಕ್ಯಾಪ್ಟನ್! ನಿಲ್ಲಿ... ನಾನು ಅವತ್ತು ಓದಿರಲಿಲ್ಲ. ನಕ್ಕಿದ್ದು ನಿಮ್ಮ ಒಂದೂವರೆ ಟನ್‌ಗೆ. ಆ ಮಾತುಗಳಿಗಲ್ಲ..."

"ಈಗ ಓದಿದ್ರಿ. ಪಾಪ ಅನ್ನಿಸ್ತು. ಅಷ್ಟೇ ಅಲ್ವಾ?" ಅವನು ಲಿಫ್ಟಿನ ಗುಂಡಿ ಒತ್ತಿದ. "ಆ ಕನಿಕರ ನನಗೆ ಬೇಡ ಮೇಡಂ. ಹಾಳೆಗಳನ್ನ ಹರಿದುಹಾಕಿ."

"ನಿಮ್ಮ ತಲೆ! ಕನಿಕರ ಅಂತ ಯಾರು ಹೇಳಿದ್ರು ನಿಮಗೆ? ನನ್ನ ಮಾತು ಪೂರ್ತಿ ಕೇಳೋಕೆ ಏನು ಕಷ್ಟ?"

"ಕೇಳಿದ್ದೀನಲ್ಲ ಆ ಕೋಣೇಲಿ. ಸಾಕು. ನಾಳೆ ಬೆಳಗ್ಗೆ ಹತ್ತಕ್ಕೆ ಹೊರಡ್ತೀನಿ. ದಾರಿ ಬರೆದು ಕಳಿಸಿ. ಈ ಸಲ ಹಿಂದೆ ಏನೂ ಬರೆಯಲ್ಲ."

ಲಿಫ್ಟಿನ ಬಾಗಿಲು ಮುಚ್ಚಿತು. ಅವಳು ಸೀದಾ ಮುಖ್ಯಸ್ಥರ ಕೋಣೆಗೆ ನುಗ್ಗಿದಳು.

ದಾರಿ ಬರೆಯುವವರು ವರ್ಷಕ್ಕೊಮ್ಮೆ ಪೈಲಟ್‌ಗಳ ಹಿಂದಿನ ಮಡಚು ಕುರ್ಚಿಯಲ್ಲಿ ಕೂತು ತಾವು ಬರೆದ ದಾರಿಯಲ್ಲಿ ಹೋಗಿಬರಬೇಕೆಂಬ ನಿಯಮವಿತ್ತು. ಅದಕ್ಕೆ ಪರಿಚಯ ಹಾರಾಟ ಎನ್ನುತ್ತಾರೆ. ಅವಳು ಇಷ್ಟು ದಿನ ತಲೆನೋವು, ಹೊಟ್ಟೆನೋವು ಎಂದು ತಪ್ಪಿಸಿಕೊಂಡೇ ಬಂದಿದ್ದಳು.

"ಸರ್, ನನ್ನ ಪರಿಚಯ ಹಾರಾಟ. ನಾಳೆ."

ಮುಖ್ಯಸ್ಥರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಆರೋಗ್ಯವಾಗಿದ್ದೀಯಾ ಅಮ್ಮ?"

"ಇಲ್ಲ ಸರ್. ಅದಕ್ಕೇ ಹೋಗಬೇಕು."

ಗುರುವಾರ ಅವಳು ಕಾಕ್‌ಪಿಟ್ ಬಾಗಿಲಲ್ಲಿ ನಿಂತಾಗ ಅವನು ಹಾಳೆ ನೋಡುತ್ತಿದ್ದ. ಒಂಬತ್ತು ಗಂಟೆ ಹದಿನೆಂಟು ನಿಮಿಷ. ಒಂದೂವರೆ ಟನ್ ಅವಳೇ ಸೇರಿಸಿದ್ದಳು.

"ನೀವಾ?"

"ಪರಿಚಯ ಹಾರಾಟ. ನಿಯಮ." ಅವಳ ಹಲ್ಲು ಕಟಕಟ ಎನ್ನುತ್ತಿತ್ತು. "ನನಗೆ ಎತ್ತರ ಅಂದ್ರೆ ಭಯ. ಕಿರುಚಿದ್ರೆ ಬೈಬೇಡಿ."

"ಭಯ ಇರೋರು ಯಾಕೆ ಬಂದ್ರಿ?"

"ನೀವು ಲಿಫ್ಟ್ ಬಾಗಿಲು ಮುಚ್ಕೊಂಡ್ರಿ. ಇಲ್ಲಿ ಎಲ್ಲಿಗೆ ಓಡ್ತೀರಿ?"

ಪಕ್ಕದ ಸೀಟಿನ ಕೋ-ಪೈಲಟ್ ಹುಡುಗಿ ಕಿಟಕಿಯ ಕಡೆ ತಿರುಗಿ ನಗು ನುಂಗಿಕೊಂಡಳು. ಅವನು ನಗಲಿಲ್ಲ. "ಬೆಲ್ಟ್ ಹಾಕ್ಕೊಳ್ಳಿ," ಎಂದ ಗಡುಸಾಗಿ.

ವಿಮಾನ ನೆಲ ಬಿಟ್ಟಿತು. ಅವಳು ಕಣ್ಣು ಬಿಗಿಮುಚ್ಚಿ ಕುರ್ಚಿಯ ಅಂಚನ್ನು ಹಿಡಿದಳು.

"ಈಗ ಎಡಕ್ಕೆ ವಾಲುತ್ತೆ," ಎಂದ ಅವನು ತಿರುಗಿ ನೋಡದೆಯೇ. "ನೀವೇ ಬರೆದಿದ್ದು."

ವಾಲಿತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಗಡಸು ದನಿ: "ಈಗ ಸ್ವಲ್ಪ ಅಲುಗುತ್ತೆ. ಎರಡು ನಿಮಿಷ. ಅದೂ ನೀವೇ ಬರೆದಿದ್ದು."

ಎರಡೇ ನಿಮಿಷ ಅಲುಗಿತು. ಅವಳು ನಿಧಾನವಾಗಿ ಕಣ್ಣುಬಿಟ್ಟಳು. ಎಂಟು ತಿಂಗಳು ಪರದೆಯ ಮೇಲೆ ತೆಳ್ಳನೆ ಗೆರೆಯಾಗಿದ್ದುದು ಈಗ ಅಷ್ಟಗಲ ಬೆಳಕಾಗಿ ಎದುರಿಗೆ ಹಾಸಿಕೊಂಡಿತ್ತು. ಸೂರ್ಯನ ಜೊತೆಜೊತೆಗೇ ಪಶ್ಚಿಮಕ್ಕೆ ಹೋಗುತ್ತಿದ್ದರು. ಹಗಲು ಮುಗಿಯುತ್ತಲೇ ಇರಲಿಲ್ಲ.

ಎಂಟು ಗಂಟೆಗಳ ಕಾಲ ಅವನು ಕೆಲಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ಇವಳೂ ಹಟಕ್ಕೆ ಬಿದ್ದವಳಂತೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಕೋ-ಪೈಲಟ್ ಹುಡುಗಿಯೇ ತಡೆಯಲಾರದೆ ಹೇಳಿದಳು:

"ಸರ್, ನಾನು ಊಟ ಮಾಡ್ತಾ ಕಿವಿಗೆ ಹತ್ತಿ ಇಟ್ಕೋಬಹುದಾ? ನಿಮ್ಮಿಬ್ಬರ ಮೌನ ಎಂಜಿನ್‌ಗಿಂತ ಜೋರಾಗಿದೆ."

ದೂರದಲ್ಲಿ ದಂಡೆ ಕಂಡಿತು. ಇಳಿಯಲು ಶುರುವಾಯಿತು. 'ಈಗಲ್ಲದಿದ್ರೆ ಇನ್ನೆಂದೂ ಇಲ್ಲ.'

"ಕ್ಯಾಪ್ಟನ್. ನಾನು ಕನಿಕರಕ್ಕೆ ಬಂದಿಲ್ಲ," ಎಂದಳು ಒಂದೇ ಉಸಿರಿಗೆ. "ಎಂಟು ತಿಂಗಳು ಪ್ರತಿ ಗುರುವಾರ ನಿಮ್ಮ ಚುಕ್ಕಿ ನೋಡ್ತಾ ಕೂತಿದ್ದೀನಿ. ಒಂದು ದಿನ ಅದು ಏಳು ನಿಮಿಷ ಕಾಣ್ಲಿಲ್ಲ. ಅವತ್ತು ಸತ್ತುಹೋದೆ ಅನ್ನಿಸ್ತು ನನಗೆ. ಹಾಳೆ ಹಿಂದೆ ನೀವು ಬರೆದಿದ್ದು ಗೊತ್ತಾಗೋಕೆ ಮುಂಚಿನ ಮಾತು ಇದು. ಬೈತಾ ಬೈತಾನೇ... ನೀವು ಅಂದ್ರೆ ನನಗೆ ಇಷ್ಟ ಆಗಿಬಿಟ್ಟಿದೆ. ಸಾಕಾ? ಈಗ ಹೇಳಿ, ನಿಮ್ಮ ಆ ಊರಲ್ಲಿ ಒಬ್ಬರೇ ಇರ್ತೀರಾ?"

ಅವನ ಕಿವಿ ಕೆಂಪಾಯಿತು. ಬಾಯಿ ತೆರೆದ.

"ಹತ್ತು ಸಾವಿರ ಅಡಿ," ಎಂದಳು ಕೋ-ಪೈಲಟ್. ಅವಳ ದನಿಯಲ್ಲಿ ನಿಜವಾದ ದುಃಖವಿತ್ತು.

ಅವನು ಬಾಯಿ ಮುಚ್ಚಿದ. "ಹತ್ತು ಸಾವಿರ ಅಡಿಗಿಂತ ಕೆಳಗೆ ಕೆಲಸದ ಮಾತಷ್ಟೇ. ಅದೂ ನಿಯಮ."

"ಅಂದ್ರೆ...? ಎಷ್ಟು ಹೊತ್ತು?"

"ಗಾಳಿ ತಿರುಗಿದೆ. ಊರು ಸುತ್ತಬೇಕು." ಒಂದು ಕ್ಷಣ ತಡೆದ. "ಹದಿಮೂರು ನಿಮಿಷ."

ಅಯ್ಯೋ, ಆ ಹದಿಮೂರು ನಿಮಿಷ! ಇಲ್ಲವೇ ಇಲ್ಲ ಎಂದು ಎಂಟು ತಿಂಗಳು ಯಾವುದಕ್ಕಾಗಿ ಜಗಳವಾಡಿದ್ದಳೋ, ಅದೇ ಹದಿಮೂರು ನಿಮಿಷದ ಒಂದೊಂದು ಗಳಿಗೆಯನ್ನೂ ಈಗ ಕೂತು ಎಣಿಸಬೇಕಾಯಿತು. ದಂಡೆ ಹಿಂದೆ ಸರಿಯಿತು. ಹೆಂಚಿನ ಮನೆಗಳು, ಆಟದ ಮೈದಾನ, ನೀರಿನ ಟ್ಯಾಂಕಿದ್ದ ಒಂದು ಗುಡ್ಡ. ಇನ್ನೂ ಎಂಟು ನಿಮಿಷ. ವಿಮಾನ ವಾಲಿತು, ಭಯಪಡುವುದೂ ಅವಳಿಗೆ ಮರೆತುಹೋಗಿತ್ತು. 'ಇಲ್ಲ ಅಂತಾನಾ? ಅವನ ಕುತ್ತಿಗೆ ಯಾಕೆ ಅಷ್ಟು ಬಿಗಿಯಾಗಿದೆ? ಒಂದು ಸಲ ತಿರುಗಬಾರದಾ?' ಇನ್ನೂ ನಾಲ್ಕು. ಎದುರಿಗೆ ಮತ್ತೆ ಸಮುದ್ರ ಕಂಡಿತು, ಅದರ ಮುಂದೆ ಬೂದು ಬಣ್ಣದ ಓಡುದಾರಿ.

ಚಕ್ರಗಳು ನೆಲ ಮುಟ್ಟಿದವು. ಒಂಬತ್ತು ಗಂಟೆ ಹದಿನೆಂಟು ನಿಮಿಷ!

ಎಂಜಿನ್ ನಿಂತಿತು. ಕೋ-ಪೈಲಟ್ ಹುಡುಗಿ ಬೆಲ್ಟ್ ಬಿಚ್ಚಿ, "ನಾನು... ಪ್ರಯಾಣಿಕರಿಗೆ ಟಾಟಾ ಮಾಡಿ ಬರ್ತೀನಿ," ಎಂದು ಬಾಗಿಲು ಎಳೆದುಕೊಂಡು ಹೋದಳು.

ಅವನು ಹಾಳೆಯನ್ನು ತೆಗೆದು ಬೋರಲು ಹಾಕಿದ. ಜೇಬಿನಿಂದ ಪೆನ್ನು ತೆಗೆದು ಏನೋ ಬರೆದು, ತಿರುಗಿ, ಅವಳ ಕೈಗೆ ಕೊಟ್ಟ. ಅವನ ಕಣ್ಣು ತುಂಬಿತ್ತು. ಹಾಳೆಯಲ್ಲಿ ಹೀಗಿತ್ತು:

"ವಾಪಸ್ ಹೋಗೋಕೆ ಎಂಟು ಗಂಟೆ ಹತ್ತು ನಿಮಿಷ ಸಾಕು, ಗಾಳಿ ಬೆನ್ನಿಗಿರುತ್ತೆ. ನಾಡಿದ್ದು ನಿಮ್ಮ ಪಕ್ಕದ ಸೀಟಲ್ಲಿ ಬರ್ತೀನಿ, ಪ್ರಯಾಣಿಕನಾಗಿ. ವರ್ಗದ ಅರ್ಜಿ ವಾಪಸ್ ತಗೋಬೇಕು. ಒಪ್ಪಿಗೆ ಇದ್ರೆ ಸಹಿ ಮಾಡಿ, ಕೆಳಗೆ ಗೆರೆ ಎಳೀರಿ."

ಅವಳು ಅವನ ಪೆನ್ನನ್ನೇ ಕಿತ್ತುಕೊಂಡಳು. ಮೊಣಕಾಲ ಮೇಲೆ ಹಾಳೆ ಇಟ್ಟು ಸಹಿ ಮಾಡಿ, ಕಾಗದ ಹರಿಯುವಷ್ಟು ಒತ್ತಿ ಗೆರೆ ಎಳೆದಳು.

ಅವನು ಬಗ್ಗಿ ನೋಡಿದ. "ಇನ್ನೊಂದಿಷ್ಟು ಉದ್ದ ಎಳೀಬಹುದಿತ್ತು."

"ಕಾರಣ ಬರೆದುಕೊಡಿ. ಮುಂದಿನ ಪುಟದಲ್ಲಿ!" ಎಂದು ಅಳುತ್ತಳುತ್ತಲೇ ನಕ್ಕು, ಅವಳು ಅವನ ಹೆಗಲಿಗೆ ತಲೆಯಿಟ್ಟಳು. "ಮೊದಲು ಕೆಳಗಿಳಿಸಿ ನನ್ನ. ಎಲ್ಲಿ ನನ್ನ ಚಹಾ?"

"ಸಕ್ಕರೆ ಎಷ್ಟು?"

"ಜಾಸ್ತಿ."